ಬೇಕಾಗಿದ್ದಾರೆ

ಆರು ವರ್ಷದ ಜಾಹೀರಾತು ಕೂಡಿಹಾಕಿದ್ದೇನೆ,
ಒಂದು ಲಕ್ಷ ಹನ್ನೆರಡು ಸಾವಿರ.
ಎಲ್ಲದರ ಬಾಯಲ್ಲೂ ಒಂದೇ ಕ್ರಿಯಾಪದ:
ಬೇಕಾಗಿದ್ದಾರೆ.
ಯಾರು, ಯಾರಿಗೆ ಎಂದು ಕೇಳುವುದಿಲ್ಲ ನಾನು,
ಎಣಿಸುತ್ತೇನೆ.
ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿಗೆ
ಗಂಟೆಯ ಲೆಕ್ಕದಲ್ಲಿ ಸಂಬಳ.

ಧಾರವಾಡದ ಗುಡ್ಡದ ಮೇಲೆ
ನಮ್ಮ ವಿಭಾಗದ ಕಿಟಕಿಗೆ ಹುಬ್ಬಳ್ಳಿ ಕಾಣುವುದಿಲ್ಲ.
ಇಲ್ಲಿ ಮಳೆ ಹಿಡಿದಾಗ ಅಲ್ಲಿ ಬಿಸಿಲು,
ಇಪ್ಪತ್ತು ಕಿಲೋಮೀಟರಿಗೆ ಆಕಾಶ ಮಾತು ಬದಲಿಸುತ್ತದೆ.
ನಾನು ಮಾತ್ರ ಐದು ವರ್ಷದಾಚೆಯ ಹವೆ ಹೇಳಬೇಕು:
ಪಠ್ಯಕ್ರಮ ಬದಲಾಗಲು ಎರಡು ವರ್ಷ,
ಓದಿದ ಹುಡುಗರು ಹೊರಬೀಳಲು ಮೂರು.
ಇಂದು ಬೇಕಾದದ್ದನ್ನೇ ನಂಬಿ ಬರೆದರೆ
ಊಟಕ್ಕೆ ಕರೆದ ಮನೆಗೆ
ಎಲೆ ಎತ್ತಿದ ಮೇಲೆ ಹೋದಂತೆ.

ಯಂತ್ರ ಗೆರೆ ಎಳೆಯಿತು.
ಕೆಲವು ಏರಿದವು, ಬಳ್ಳಿ ಚಪ್ಪರ ಕಂಡ ಹಾಗೆ.
ಶೀಘ್ರಲಿಪಿ ನೆಲ ಹತ್ತಿತು.
ಟರ್ನರ್, ಫಿಟ್ಟರ್, ಅಚ್ಚು ಎರೆಯುವವರು
ಇರಲೇ ಇಲ್ಲ. ಸೊನ್ನೆಯೂ ಅಲ್ಲ, ಖಾಲಿ ಮನೆ.

"ಹಂಗಾರ ಗೋಕುಲ ರೋಡಿನಾಗ
ಕಬ್ಬಿಣ ಯಾರು ಕೊರೀತಾರ್ರಿ ಮೇಡಂ?"
ಕೊನೆಯ ಬೆಂಚಿನ ರುಬೀನಾ ಬೆಟಗೇರಿ.
ಅವಳಣ್ಣ ಲೇತಿನ ಮೇಲಿದ್ದಾನೆ.

ಮರುದಿನ ಏಳರೊಳಗೆ ಚಿಗರಿ ಬಸ್ಸು ಹತ್ತಿದೆ.
ವಾಲ್ವು ಕಾರ್ಖಾನೆಯ ಗೇಟಿಗೆ ಒಂದು ಕರಿಹಲಗೆ,
ಅದರ ಮುಂದೆ ಮೊಣಕಾಲೂರಿ
ಕಾವಲುಗಾರ ಮೌಲಾಸಾಬ ನದಾಫ ಸೀಮೆಸುಣ್ಣ ಹಿಡಿದಿದ್ದ:
ಟರ್ನರ್ ೨. ಡ್ರಾಯಿಂಗ್ ಓದಲು ಬರುವವರು ೧.
ಬೇಕಾಗಿದ್ದಾರೆ.
ಸಂಜೆ ಐದಕ್ಕೆ ಒದ್ದೆ ಅರಿವೆಯಿಂದ ಒರೆಸುತ್ತಾನಂತೆ.
ಆರು ವರ್ಷದ ನನ್ನ ಲೆಕ್ಕದ ಅರ್ಧ
ಆ ಅರಿವೆಯಲ್ಲಿ ಹಿಂಡಿಹೋಗಿತ್ತು.

"ನೀವು ಕಂಪ್ಯೂಟರ್ ನೋಡ್ತೀರಿ,
ನಾ ಕೆಟಲಿ ನೋಡ್ತೀನ್ರಿ ಬಾಯಾರ.
ರಾತ್ರಿ ಪಾಳಿಗೆ ಚಾ ಮೂವತ್ತಿದ್ದದ್ದು ಐವತ್ತಾತಂದ್ರ
ಹದಿನೈದು ದಿನಕ್ಕ ಹಲಗಿ ತುಂಬತೈತಿ.
ಚಾ ಇಳೀತಂದ್ರ
ಹಲಗಿ ಅಷ್ಟ ಅಲ್ಲ, ಮಂದೀನೂ ಒರಸ್ತಾರ."

ನಲವತ್ತು ಗೇಟು, ಮೂರು ತಿಂಗಳು,
ಹನ್ನೊಂದು ಚಹಾದಂಗಡಿಗಳ ಉದ್ರಿ ಪುಸ್ತಕ.
ತಾರಿಹಾಳದ ಒಂದರಲ್ಲಿ, ಬಂಡೆಪ್ಪ ಎಂಬವನ ಹೆಸರಿನ ಮುಂದೆ:
'ಕೆಲಸ ಬಿಡಿಸಿದರು, ಬಾಕಿ ೮೪.'
ಯಾವ ಕಾಲಮಿಗೆ ಹಾಕಲಿ ತಿಳಿಯದೆ
ಇನ್ನೂ ಹಾಗೇ ಇಟ್ಟಿದ್ದೇನೆ.
ಮುನ್ನಂದಾಜಿನ ತಪ್ಪು ಕಡಿಮೆಯಾಯಿತು,
ಹೋಗಲಿಲ್ಲ.

ಅಧ್ಯಯನ ಮಂಡಳಿಯ ಸಭೆ. ಗಿರಮಿಟ್ಟು, ಮಿರ್ಚಿ ಭಜಿ.
ಅಧ್ಯಕ್ಷ ನಾಡಗೇರ ಸರ್ ಕನ್ನಡಕ ಹಣೆಗೇರಿಸಿ:
"ಈ ಗೆರಿ ಎದರ ಆಧಾರದ ಮ್ಯಾಲ ಎಳದೀರಿ?"
"ಚಹಾದ ಮೇಲೆ, ಸರ್."
ನಕ್ಕರು. ನಾನೂ ನಕ್ಕೆ, ಭಜಿ ಆರುವವರೆಗೂ.
ಆಮೇಲೆ ಭೌತಶಾಸ್ತ್ರದ ಅಕ್ಕಮಹಾದೇವಿ ಹೊಂಬಳ
ಕೈಯೊರೆಸಿಕೊಂಡು ಮೆಲ್ಲಗೆ ಅಂದರು:
"ಬಿಎಸ್ಸಿ ಮುಗಿಸಿದ ನಮ್ಮ ಹುಡುಗರಿಗೆ
ಡ್ರಾಯಿಂಗ್ ಓದಾಕ ಬರೂದಿಲ್ಲ. ಖರೆ ಐತಿ."
ಸದ್ದಿಲ್ಲ.
ಮೂರನೆಯ ಸೆಮಿಸ್ಟರಿಗೆ ಎರಡು ಕ್ರೆಡಿಟ್ಟಿನ ಪತ್ರಿಕೆ:
ನಕ್ಷೆ ಓದುವುದು, ಅಳತೆ ಹಿಡಿಯುವುದು.
'ಕಬ್ಬಿಣ' ತೆಗೆದು 'ಲೋಹ' ಎಂದು ತಿದ್ದಿ ಅಂಗೀಕರಿಸಿದರು.
ಜಾರಿ: ಬರುವ ವರ್ಷವಲ್ಲ, ಅದರಾಚೆಯದು.

ಅಷ್ಟರಲ್ಲಿ ನನ್ನ ಕರಾರು ಮುಗಿದಿರುತ್ತದೆ.
ಒಂದು ರಾತ್ರಿ ನನ್ನದೇ ಹುದ್ದೆಯನ್ನೂ ಆ ಲೆಕ್ಕಕ್ಕೆ ಹಾಕಿದ್ದೆ.
ಗೆರೆ ಮೂಡುವ ಮೊದಲೇ ಕರೆಂಟು ಹೋಯಿತು.
ಮತ್ತೆ ಹಾಕಲಿಲ್ಲ.

ಸುದ್ದಿ ಹೇಳಲೆಂದು ಸಂಜೆ ಗೇಟಿಗೆ ಹೋದೆ.
ಹಲಗೆ ಆಗಲೇ ಒರೆಸಿಯಾಗಿತ್ತು.
ಒದ್ದೆ ಆರುತ್ತ ಆರುತ್ತ
ಹಿಂದಿನ ದಿನಗಳ 'ಬೇಕು'ಗಳೆಲ್ಲ
ಒಂದರ ಮೇಲೊಂದು ಬೆಳ್ಳಗೆ ಎದ್ದುಬಂದವು.

"ಐದು ವರ್ಷಂದು ಹೇಳ್ತೀರಂತಲ್ರೀ, ಬೇಷಾತು," ಅಂದ ಮೌಲಾಸಾಬ.
"ನಾಳೀದು ಹೇಳ್ರಿ. ಏನು ಬರೀಲಿ?"
"ಕೆಟಲಿ ಏನಂತೈತಿ?"
"ನಲವತ್ತೆರಡು."

ಏರಿಕೆಯೋ ಇಳಿಕೆಯೋ,
ಸೀಮೆಸುಣ್ಣದ ಒಂದು ತುಂಡನ್ನು
ಅವನೊಮ್ಮೆ ನಾನೊಮ್ಮೆ ಕೈಯಲ್ಲಿ ತಿರುವುತ್ತ
ನಿಂತೇ ಇದ್ದೆವು.