ಕೂಸಿನ ಬಳೆ

ಸಂಡೂರಿನ ಗುಡ್ಡದ ಕೆಳಗೆ ತಾಡಪಾಲು ಹಾಸಿ ಕುಂತೀವಿ.
ಗಾಡಿ ಬಂದರೆ ಇಪ್ಪತ್ತೇ ನಿಮಿಷ,
ಇಪ್ಪತ್ತೊಂದಾದರೆ ದಂಡ.

ಹೋದ ವರ್ಷ ಕಪ್ ಗೆದ್ದ ಗಾಡಿ ಇದು.
ಬಾನೆಟ್ ಎತ್ತಿದರೆ ನೋಡೋರಿಗೆ ನಿರಾಸೆ:
ಸಾವಿರದ ಆರುನೂರು ಸಿಸಿ, ಅಷ್ಟೇ.
ಟರ್ಬೋದ ಬಾಯಿಗೆ ಒಂದು ಉಂಗುರ ಹಾಕ್ಯಾರೆ,
ಮೂವತ್ತೆರಡು ಮಿಲಿಮೀಟರ್, ಮೇಲೊಂದು ಸೀಲು.
ಕೂಸಿನ ಬಳೆಯಷ್ಟು.
ಅದರೊಳಗಿಂದ ಎಳೆದಷ್ಟೇ ಉಸಿರು,
ಆ ಉಸಿರಲ್ಲೇ ಗುಡ್ಡ ಹತ್ತಬೇಕು.

ಡ್ಯಾಂಪರ್ ಮುಟ್ಟೋನು ಹೊನ್ನೂರಸಾಬ.
ಅದಿರು ಲಾರಿಗಳ ಪಟ್ಟಾ ಬಡಿದ ಕೈ
ಎರಡೇ ಕ್ಲಿಕ್ ಸಡಿಲಿಸಿ, ಕಿವಿಗೊಟ್ಟು ನಿಲ್ಲುತ್ತದೆ
ಹೆರಿಗೆ ವಾರ್ಡಿನ ಹೊರಗೆ ನಿಂತವನಂತೆ.

ನಾನು ಫಿಲ್ಟರ್ ತೆಗೆದು ತಟ್ಟಿದೆ.
ಕೆಂಪು ಧೂಳು, ಮೈದಾಹಿಟ್ಟಿನಷ್ಟು ನುಣುಪು.
ತೋರಣಗಲ್ಲಿನ ಕ್ರಷರಿಂದ ಬಂದು ಅಪ್ಪ
ಟವೆಲು ಕೊಡವಿದಾಗ ಬೀಳುತ್ತಿತ್ತಲ್ಲ, ಅದೇ.
ರಾತ್ರಿ ಅವನ ಎದೆ ಸಿಳ್ಳೆ ಹಾಕುತ್ತಿತ್ತು;
ರೈಲು ಬಂತೆಂದು ನಾವು ನಗುತ್ತಿದ್ದೆವು.

ಹದಿನೆಂಟನೇ ನಿಮಿಷ.
ಹೊಸ ಫಿಲ್ಟರಿನ ಪ್ಲಾಸ್ಟಿಕ್ಕು ಹಲ್ಲಿಂದ ಹರಿದೆ.
“ಏ ಸುಂಕ್ಲಮ್ಮಾ, ನಿದ್ದಿ ಬಂತೇನು!”
ಹೊನ್ನೂರಸಾಬ ಚೀರಿದ.
ಕ್ಲಿಪ್ಪು ಒತ್ತಿದೆ. ಟಕ್.

ಗಾಡಿ ಒಮ್ಮೆ ಕೆಮ್ಮಿ, ಹೋಯಿತು.