ಇಪ್ಪತ್ಮೂರನೆಯ ಪ್ರಶ್ನೆ

ಬೆಳಗಿನ ನಾಲ್ಕಕ್ಕೇ ಜೀಪು ಹತ್ತಿದ್ದೆವು.
ನಾನು ಮಲಾವಿಯ ಅಂಚೆ ಕಚೇರಿಯಿಂದ ನಿವೃತ್ತಳಾದವಳು,
ಪಕ್ಕದಲ್ಲಿ ಅಂಗೋಲಾದ ಅಡೆರಿಟೊ.
ಅವನದು ಪೋರ್ಚುಗೀಸು, ನನ್ನದು ಚಿಚೇವಾ,
ನಡುವೆ ಕುಂಟುವ ಇಂಗ್ಲಿಷು.
ಇಬ್ಬರಿಗೂ ಒಂದೇ ಬಣ್ಣದ ಅಂಗಿ,
ಬೆನ್ನ ಮೇಲೆ ದೊಡ್ಡಕ್ಷರ: ವೀಕ್ಷಕರು.
ಮೂರು ದಿನದ ತರಬೇತಿಯ ಸಾರ ಇಷ್ಟೇ:
ನೋಡಿ. ಬರೆದುಕೊಳ್ಳಿ. ಏನನ್ನೂ ಮುಟ್ಟಬೇಡಿ.

ಲೆಸೊಥೊದಲ್ಲಿ ದಾರಿಗಳು ಮೇಲಕ್ಕೇ ಹೋಗುತ್ತವೆ.
ದಾರಿಯೂ ಸೋತು ಕೂತ ಕಡೆ
ಹುಡುಗನೊಬ್ಬ ಎರಡು ಕುದುರೆ ಹಿಡಿದು ನಿಂತಿದ್ದ.
ಮತಪೆಟ್ಟಿಗೆ ನಿನ್ನೆ ಇವುಗಳ ಮೇಲೇ ಹೋಯಿತಂತೆ.
"ಅದು ನಿಮ್ಮಷ್ಟು ಅಲುಗಾಡಲಿಲ್ಲ" ಎಂದ.

ಕಲ್ಲಿನ ಶಾಲೆ, ತಗಡಿನ ಸೂರು,
ಮೂಳೆಗೆ ಕೈ ಹಾಕುವ ಜೂನ್ ಚಳಿ.
ಕರಿಹಲಗೆಯ ಮೇಲೆ ಅಳಿಸದೆ ಬಿಟ್ಟ ಮಗ್ಗಿ:
ಏಳೆಂಟ್ಲೆ ಐವತ್ನಾಲ್ಕು.
ಕೈ ತುರಿಸಿತು. ಸುಮ್ಮನಿದ್ದೆ.

ಶಾಯಿ ಇದೆಯೇ? ಇದೆ.
ಸಾಲು ಇದೆಯೇ? ಗುಡ್ಡದ ಕೆಳಗಿನವರೆಗೂ.
ಬಂದೂಕು? ಒಂದು, ಬಾಗಿಲ ಹೊರಗೆ,
ಅದರ ಒಡೆಯ ತೂಕಡಿಸುತ್ತಿದ್ದಾನೆ.
ದೂರುಗಳು? ಯಾವುದೂ ಇಲ್ಲ.

"ಮಾತ್ಸೆಲಿಸೊ!" ಎಂದು ಪಟ್ಟಿಯಿಂದ ಕೂಗಿದರು.
ಕಂದು ಕಂಬಳಿಯ ಹೆಂಗಸು ಮುಂದೆ ಬಂದಳು.
ಇಲ್ಲಿ ಸೊಸೆ ಹೊಸಿಲು ತುಳಿದ ದಿನವೇ
ಹುಟ್ಟದ ಮಗುವಿನ ಹೆಸರು ಹಿಡಿದು
ಅದರ ತಾಯಿಯೆಂದು ಅವಳನ್ನು ಕರೆಯುತ್ತಾರೆ.
ತ್ಸೆಲಿಸೊ ಎಂದರೆ ಸಮಾಧಾನ,
ಪಿಸುಗುಟ್ಟಿದ ನಮ್ಮ ಚಾಲಕ ಮೊಹಾಪಿ.
ಹೆಸರಿನ ಹಿಂದೆಯೇ ಮಗನೂ ಬಂದ, ಸಿಪಾಯಿಯಾದ,
ಬ್ಯಾರಕ್ಕಿನ ಜಗಳ ಬೀದಿಗೆ ಬಿದ್ದ ವರ್ಷ
ಹೋದ. ಯಾವ ಕಡೆಯ ಗುಂಡೋ.
ಹೆಸರು ತಾಯಿಯ ಬಳಿ ಉಳಿಯಿತು.

ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದವಳು
ತಿರುಗಿ ನಿಲ್ಲೆಂದು ನನಗೆ ಸನ್ನೆ ಮಾಡಿ
ಬೆನ್ನ ಮೇಲಿನದನ್ನು ಕೂಡಿಸಿ ಕೂಡಿಸಿ ಓದಿದಳು.
ಏನೋ ಕೇಳಿದಳು.
ಮೊಹಾಪಿ ಆಗ ಹೇಳಲಿಲ್ಲ.
ಮಧ್ಯಾಹ್ನ, ಹಿಟ್ಟು ಸೊಪ್ಪು ತಿನ್ನುವಾಗ ಅಂದ:
"ಆ ರಾತ್ರಿ ನೋಡೋಕೆ ಯಾಕೆ ಬರಲಿಲ್ಲ, ಅಂದಳು."

ದೂರು ಯಾವುದೂ ಇಲ್ಲವೆಂದು ಬರೆದಾಗಿತ್ತು.
ಪೆನ್ನಿನಲ್ಲಿ.
ನನ್ನ ದೇಶದಲ್ಲೊಮ್ಮೆ ಲೆಕ್ಕದ ಹಾಳೆಗೇ
ಬಿಳಿ ಬಳಿದು ಅಂಕಿ ತಿದ್ದಿದ್ದರು.
ಅಂದಿನಿಂದ ನಾನು ಏನನ್ನೂ ತಿದ್ದುವವಳಲ್ಲ.

ಐದಕ್ಕೆ ಬಾಗಿಲು ಮುಚ್ಚಿ ಪೆಟ್ಟಿಗೆ ಮಗುಚಿದರು.
ಒಂದು ಗ್ಯಾಸ್ ದೀಪ, ಸುತ್ತ ಹನ್ನೊಂದು ತಲೆ.
ಅಧಿಕಾರಿ ಲಿಪಲೇಸಾ, ಇದೇ ಶಾಲೆಯ ಟೀಚರು,
ಇಪ್ಪತ್ತಾರು ದಾಟಿರಲಿಕ್ಕಿಲ್ಲ.
ರಾತ್ರಿ ಒಂಬತ್ತಕ್ಕೆ ಚೀಟಿಯೊಂದರ ಗುರುತು ಗೆರೆ ದಾಟಿತ್ತು.
ಸಿಂಧು ಅಂದರೊಬ್ಬರು, ಅಸಿಂಧು ಅಂದರೊಬ್ಬರು,
ಎರಡು ಪಕ್ಷ ಎದ್ದು ನಿಂತವು, ಕುರ್ಚಿ ಉರುಳಿತು,
ಆ ಗಾಳಿಗೋ ಏನೋ ದೀಪ ಆರಿತು.

ಮೂಗಿನ ತುದಿ ಕಾಣದ ಕತ್ತಲು.
"ಕೈಗಳು ಮೇಜಿನ ಮೇಲೆ!"
ಅದು ಮೂರನೇ ಕ್ಲಾಸಿಗೆ ಹೇಳುವ ದನಿ.
"ಕಿರುಬೆರಳಿಗೆ ಕಿರುಬೆರಳು ತಾಗಲಿ.
ತಾಗದಿದ್ದವರು ಕೂಗಿ."
ಚೀಟಿಗಳು ಸರಸರ ಅಂದು ಸುಮ್ಮನಾದವು.
"ಇಲ್ಲೊಂದು ಸಂದಿ" ಎಂದಿತು ಒಂದು ಗಂಟಲು, ತೀರ ಹತ್ತಿರ.

ಅದು ನಾನು ನಿಂತಿದ್ದ ಜಾಗ.

ಎಡಗಡೆಯ ಬೆರಳು ಮಂಜುಗಡ್ಡೆ.
ಬಲಗಡೆಯದಕ್ಕೆ ಕುರಿಕೊಬ್ಬಿನ ಜಿಡ್ಡು,
ಅದು ನಡುಗುತ್ತಿತ್ತು, ಅಥವಾ ನನ್ನದೇ ನಡುಕವೋ.
ಹೊರಗೆ ಪೊಲೀಸಿನವ ಕಡ್ಡಿ ಗೀರುತ್ತಲೇ ಇದ್ದ,
ಥಂಡಿ ಹಿಡಿದ ಕಡ್ಡಿಗಳು.
ಏಳರ ಮಗ್ಗಿ ಮುಗಿಯುವಷ್ಟು ಹೊತ್ತು,
ಸರಿಯಾದ ಮಗ್ಗಿ.

ಬೆಳಕು ಬಂದಾಗ ಚೀಟಿಗಳು ಇದ್ದಲ್ಲೇ ಇದ್ದವು.
ಕೈ ತೆಗೆಯಲು ಎಲ್ಲರೂ ತಡಮಾಡಿದರು.
ಗೆರೆ ದಾಟಿದ ಗುರುತು ಅಸಿಂಧುವಾಯಿತು,
ಗೊಣಗಿಕೊಂಡೇ ಒಪ್ಪಿದರು.

ಪ್ರಶ್ನೆ ಇಪ್ಪತ್ಮೂರು: ಇಡೀ ಎಣಿಕೆಯನ್ನು
ವೀಕ್ಷಕರು ಅಡ್ಡಿಯಿಲ್ಲದೆ ನೋಡಿದರೇ?
ಅಡೆರಿಟೊ ಇಲ್ಲವೆಂದು ಬರೆದ. ಅದು ನಿಜ.
ನಾನು ಹೌದೆಂದು ಬರೆದೆ.
ಹಾಳೆಯ ಅಂಚಿಗೆ ಕಿರುಬೆರಳ ಜಿಡ್ಡು ಅಂಟಿತು.
ಒರೆಸಲಿಲ್ಲ.