ಬೆಳಗೊಳದ ಷೆಡ್ಡಿನಲ್ಲಿ ರೇಡಾರ್

ಕಡಲು ಇಲ್ಲಿಂದ ಇನ್ನೂರೈವತ್ತು ಕಿಲೋಮೀಟರು.
ಆದರೂ ಬೆಳಗೊಳದಲ್ಲಿ, ಮುಚ್ಚಿದ ಕಾರ್ಖಾನೆಯ ಷೆಡ್ಡೊಳಗೆ
ಮೂವತ್ತೆರಡಡಿಯ ಹಾಯಿದೋಣಿಯೊಂದು
ದಿಮ್ಮಿಗಳ ಮೇಲೆ ಕೂತು ಆರು ವರ್ಷ.
ನೀರಿನ ಸುದ್ದಿಯನ್ನೇ ಎತ್ತಿಲ್ಲ.

ಕಟ್ಟಿದವರು ಮಾಚಯ್ಯ. ವೈರು ಎಳೆಯುವವಳು ನಾನು,
ಅಶೋಕಪುರಂ ರೈಲ್ವೆ ವರ್ಕ್‌ಷಾಪಿನಲ್ಲಿ
ಇಪ್ಪತ್ತೊಂಬತ್ತು ವರ್ಷ ಬೋಗಿಗಳಿಗೆ ದೀಪ ಹಚ್ಚಿದವಳು.
"ರೇಡಾರ್ ನೀವೇ ಆರಿಸಿ, ದಾಕ್ಷಾಯಿಣಿ,
ಬಾಗಿಲಿಗೆ ಬೀಗ ಆರಿಸಿದ ಹಾಗೆ."
ಹಾಗಲ್ಲ ಅಂದೆ. ಬೀಗ ಕಳ್ಳನಿಗೆ.
ಕಡಲಲ್ಲಿ ಬಂದು ಗುದ್ದುವವರು ಸಂಭಾವಿತರೇ,
ಪಾಪ, ಅವರಿಗೂ ನಾವು ಕಂಡಿರುವುದಿಲ್ಲ.

ಮೂರು ಕೆಟಲಾಗು. ಒಂದರ ಮೇಲೆ ಟೀ ಲೋಟದ ಉಂಗುರ.
ಅದೇ ಮೂವತ್ತಾರು ಮೈಲಿ ನೋಡುವಂಥದ್ದು,
ಅಡುಗೆಮನೆಯ ಮೈಕ್ರೋವೇವಿನ ದಾಯಾದಿ;
ಗುಂಡಿ ಒತ್ತಿದ ಮೇಲೆ ಕಾವೇರಲು
ಒಂದೂವರೆ ನಿಮಿಷ ಕೇಳುತ್ತದೆ.
ಇನ್ನೊಂದರ ಗುಮ್ಮಟ ಅಗಲ, ಕಿರಣ ಸಪುರ,
ಜೊತೆಗೆ ಹೋಗುವ ಎರಡು ದೋಣಿಯನ್ನು
ಒಂದೇ ಗಂಟು ಕಟ್ಟಿ ತೋರಿಸುವುದಿಲ್ಲ.
ಆದರೆ ಹತ್ತು ಕೇಜಿ!
ಕಂಬದ ಮೇಲಕ್ಕೆ ಸಾಲ ಕೊಟ್ಟ ಒಂದೊಂದು ಕೇಜಿಗೂ
ಗಾಳಿ ಬಂದು ಚಕ್ರಬಡ್ಡಿ ವಸೂಲು ಮಾಡುತ್ತದೆ.
ಮೂರನೆಯದು ಇಪ್ಪತ್ತನಾಲ್ಕೇ ಮೈಲಿ.
ಬ್ಯಾಟರಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತದೆ.
ಹತ್ತಿರ ಬರುವುದನ್ನು ಕೆಂಪಗೆ ಮಾಡುತ್ತದೆ.
ಮೂಗಿನ ಕೆಳಗಿನದೂ ಕಾಣುತ್ತದೆ ಎಂದು
ಕೊನೇ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ಮಾಚಯ್ಯನವರಿಗೆ ಮೂವತ್ತಾರರ ಮೇಲೇ ಕಣ್ಣು.
ಇಲ್ಲಿ ಕೂತೇ ಮದ್ದೂರಿನ ವಡೆ ಎಣಿಸಬಹುದಲ್ಲ!
ಭೂಮಿ ದುಂಡಗಿದೆ ಸ್ವಾಮಿ, ಅಂದೆ.
ನಿಮ್ಮ ಗಿಡ್ಡ ಕಂಬಕ್ಕೆ ಅಷ್ಟು ದೂರದಲ್ಲಿ
ಬೆಟ್ಟ ಮಾತ್ರ ಕಂಡೀತು. ಬೆಟ್ಟ ಎದ್ದು ಬಂದು
ಯಾರಿಗೂ ಡಿಕ್ಕಿ ಹೊಡೆದಿದ್ದಿಲ್ಲ.

ಮೂರನೆಯದನ್ನು ಮಂಗಳೂರಿಂದ ಎಂಟು ದಿನಕ್ಕೆ ಎರವಲು ತಂದು
ಸಣ್ಣ ಫೈಬರ್ ದೋಣಿಗೆ ಬಿಗಿದು, ಕಾರಿನ ಬ್ಯಾಟರಿ ಕಟ್ಟಿ,
ಧನುರ್ಮಾಸದ ಒಂದು ಬೆಳಗ್ಗೆ ಕನ್ನಂಬಾಡಿ ಹಿನ್ನೀರಿಗೆ ಇಳಿಸಿದೆವು.
ಮಂಜೋ ಮಂಜು. ಕೈ ಚಾಚಿದರೆ ಬೆರಳು ಅಂದಾಜು.
ಪರದೆಯಲ್ಲಿ ಮಾತ್ರ ಆಚೆ ದಡ, ಕೊಕ್ಕರೆ ಕೂರುವ ಒಣಮರ,
ಎಲ್ಲಾ ಸರಿಯಾಗಿ, ಹಳದಿ ಹಳದಿಯಾಗಿ.

"ಅಕ್ಕೋ! ಮ್ಯಾಕ್ ಬರ್ತೀಯಲ್ಲಾ!"

ನಾಲ್ಕು ಮಾರು ದೂರದಲ್ಲಿ ಹರಿಗೋಲು,
ಹುಟ್ಟು ಎತ್ತಿ ಹಿಡಿದು ನಿಂಗಶೆಟ್ಟಿ.
ಪರದೆಯಲ್ಲಿ ಅವನಿಲ್ಲ.
ಬಿದಿರು, ಟಾರು, ತೊಯ್ದ ಕಂಬಳಿ, ಮನುಷ್ಯ:
ನಾವು ಕಳಿಸಿದ ಪ್ರಶ್ನೆ ಇವುಗಳನ್ನು ಹಾದು
ಸುಮ್ಮನೆ ಹೊರಟುಹೋಗಿತ್ತು.
ದೋಣಿಯಂಚು ಹಿಡಿದು ಬಗ್ಗಿ ನೋಡಿದ.
"ಇದ್ರಾಗೆ ನಾನೆಲ್ಲವ್ವಾ?"

ಅವತ್ತೇ ಮಧ್ಯಾಹ್ನ ಮೂರು ತಗಡು ಕತ್ತರಿಸಿ
ಒಂದಕ್ಕೊಂದು ನೆಟ್ಟಗೆ ಸೀಳಿಗೆ ಕೂರಿಸಿದೆ.
ದುಂಡಗಿದ್ದದ್ದು ಬಂದದ್ದನ್ನು ಎತ್ತೆತ್ತಲೋ ಚೆಲ್ಲುತ್ತದೆ;
ಮೂಲೆ ಮಾತ್ರ, ಎಲ್ಲಿಂದ ಬಂತೋ ಅದೇ ದಾರಿಗೆ
ತಿರುಗಿಸಿ ಕಳಿಸುತ್ತದೆ.
ಮಾರನೇ ದಿನ ಗಳುವಿನ ತುದಿಗೆ ಕಟ್ಟಿಕೊಂಡು
ಮಂಜೊಳಗೆ ಹೊರಟ, ಕಿರೀಟ ಇಟ್ಟ ಹಾಗೆ.

ಪರದೆ ಮೇಲೆ ಒಂದು ರಾಗಿಕಾಳು.
ನಡೆಯಿತು. ನಿಂತಿತು. ಬಲೆ ಎಳೆಯುತ್ತಿರಬೇಕು.
ಮಾಚಯ್ಯ ಉಸಿರು ಬಿಗಿಹಿಡಿದು ಅದನ್ನೇ ನೋಡಿದರು,
ಮೂವತ್ತಾರರ ಮಾತು ಆಮೇಲೆ ತೆಗೆಯಲಿಲ್ಲ.
"ಇದಕ್ಕೇ ದುಡ್ಡು ಕಟ್ಟಿ" ಅಂದರು, ಸ್ವಲ್ಪ ಮುನಿಸಿನಲ್ಲೇ.

ಕಾಳು ಇದ್ದಕ್ಕಿದ್ದಂತೆ ಇಲ್ಲವಾಯಿತು.
ನನ್ನ ಎದೆ ಧಸಕ್ಕೆಂದಿತು. ಕೂಗಿದೆ.

"ಬಿಚ್ಚಿ ಮಡಗಿವ್ನಿ ಕಣವ್ವಾ!" ಮಂಜಿನೊಳಗಿಂದ ದನಿ,
ನಡುವೆ ಒಂದು ಕೆಮ್ಮು.
"ಮೀನಿನ ಗುತ್ತಿಗೆಯವನೂ ಇಂಥದೊಂದು ತಂದ್ರೆ?
ದೊಡ್ಡ ದೋಣಿ ಬಂದಾಗ ಕಟ್ಕತೀನಿ.
ಮಿಕ್ಕವರ್ಗೆಲ್ಲಾ ನಾನ್ಯಾಕ್ ಕಾಣ್ಲಿ?"